‘ಹನಿ ಮುಂದುವರಿಸಿ’: ಪೊರೆ ಆಪರೇಷನ್ ಆದ ಒಂದು ಕೂಸಿನ ಕಣ್ಣಿನ ಕಥೆ

ಅಜ್ಜಿ ಎಲೆ ಅಡಿಕೆ ಸಂಚಿ ಬಿಚ್ಚಿದರು. ಅದರೊಳಗಿಂದ ಸಣ್ಣ ಸಣ್ಣ ಖಾಲಿ ಬಾಟಲಿಗಳನ್ನು ಒಂದೊಂದಾಗಿ ತೆಗೆದು ನನ್ನ ಟೇಬಲ್ ಮೇಲೆ ಸಾಲಾಗಿ ನಿಲ್ಲಿಸಿದರು. ಒಂಬತ್ತು ಬಾಟಲಿ. ಒಂದಕ್ಕೂ ಮುಚ್ಚಳ ಕಳೆದಿರಲಿಲ್ಲ.

“ಒಂದೊತ್ತೂ ತಪ್ಪಿಸಿಲ್ಲ ನೋಡವ್ವಾ. ನಾ ಉಣ್ಣೋದು ಬಿಟ್ಟಿರಬೌದು, ಕೂಸಿನ ಹನಿ ಬಿಟ್ಟಿಲ್ಲ.”

ನಾನು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ. ಆಪರೇಷನ್ ಮಾಡುವವಳಲ್ಲ. ದೃಷ್ಟಿ ಪರೀಕ್ಷೆ ಮಾಡುತ್ತೇನೆ, ಕನ್ನಡಕದ ನಂಬರ್ ತೆಗೆಯುತ್ತೇನೆ, ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ, ಅಲ್ಲಿಂದ ವಾಪಸ್ ಬಂದವರನ್ನು ನೋಡಿಕೊಳ್ಳುತ್ತೇನೆ. ಈ ಪ್ರಕರಣದಲ್ಲಿ ನನ್ನ ತಪ್ಪೂ ಇದೆ. ಅದಕ್ಕೇ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಹುಡುಗ ಒಣಬೇಸಾಯದ ಕಡೆಯ ಒಂದು ಹಳ್ಳಿಯವನು. ಸಜ್ಜೆ, ಶೇಂಗಾ, ಕಡಲೆ ಬೆಳೆಯುವ ಊರು. ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರು, ಸೋದರಮಾವ ಮತ್ತು ಅಕ್ಕನ ಮಗಳು. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಎರಡೂ ಕಣ್ಣಿನ ಪಾಪೆಯ ನಡುವೆ ಬಿಳಿ ಚುಕ್ಕೆ ಕಂಡಿತ್ತು. ಈ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಹುಟ್ಟುಪೊರೆಯೂ ಅವರ ಪಟ್ಟಿಯಲ್ಲಿದೆ. ಆ ತಂಡ ಬಾರದಿದ್ದರೆ ಇವನು ಶಾಲೆಗೆ ಸೇರುವವರೆಗೂ ಗೊತ್ತಾಗುತ್ತಿರಲಿಲ್ಲ ಅನಿಸುತ್ತದೆ.

ಎರಡು ವರ್ಷ ಎಂಟು ತಿಂಗಳಿದ್ದಾಗ, ದೀಪಾವಳಿ ಮುಗಿದ ಮೇಲೆ, ಹೊರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣು, ಎರಡು ವಾರ ಬಿಟ್ಟು ಎಡಗಣ್ಣು ಆಪರೇಷನ್ ಆಯಿತು. ಪೊರೆ ತೆಗೆದು ಒಳಗೆ ಲೆನ್ಸ್ ಕೂರಿಸಿದ್ದರು. ಆಪರೇಷನ್ ಚೆನ್ನಾಗೇ ಆಗಿತ್ತು. ಅದರಲ್ಲಿ ಯಾರೂ ಕೊರತೆ ಹೇಳುವಂತಿಲ್ಲ.

ಬಿಡುಗಡೆ ಚೀಟಿಯಲ್ಲಿ ಮುಖ್ಯವಾಗಿ ಎರಡು ಹನಿ ಇದ್ದವು. ಒಂದು ಪ್ರೆಡ್ನಿಸೋಲೋನ್, ಅಂದರೆ ಕಣ್ಣು ಕೆರಳದಂತೆ ಹಾಕುವ ಸ್ಟೀರಾಯ್ಡ್. ಮೊದಲ ವಾರ ದಿನಕ್ಕೆ 8 ಸಲ, ಆಮೇಲೆ ವಾರವಾರಕ್ಕೆ ಇಳಿಸುತ್ತಾ 6 ವಾರಕ್ಕೆ ನಿಲ್ಲಿಸಬೇಕು. ಇನ್ನೊಂದು ಕಣ್ಣು ಒಣಗದಂತೆ ಹಾಕುವ ಕಣ್ಣೀರಿನ ಹನಿ, ದಿನಕ್ಕೆ 4 ಸಲ. ಎಲ್ಲವೂ ಇಂಗ್ಲಿಷಿನಲ್ಲಿ.

ತಾಯಿ ಏಳನೇ ಇಯತ್ತೆ ಓದಿದವಳು. ಚೀಟಿಯ ಅಂಕಿಗಳನ್ನು ನೋಡಿಕೊಂಡು ಲೆಕ್ಕ ತಪ್ಪದೆ ಇಳಿಸುತ್ತಾ ಬಂದಿದ್ದಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಮರುವಾರ ಗಂಡ ಹೆಂಡತಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋದರು. ಆಪರೇಷನ್ನಿಗೆ ಓಡಾಡಿದ ಖರ್ಚಿನ ಸಾಲ ಇತ್ತು. ಧೂಳು, ಸಿಮೆಂಟಿನ ನಡುವೆ ಹೊಸ ಕಣ್ಣಿನ ಕೂಸನ್ನು ಒಯ್ಯುವುದು ಬೇಡ ಅಂತ ಅಜ್ಜಿಯ ಹತ್ತಿರ ಬಿಟ್ಟರು. ಆ ಯೋಚನೆ ಸರಿಯಾಗೇ ಇತ್ತು. ಹೊರಡುವ ಗಡಿಬಿಡಿಯಲ್ಲಿ ತಾಯಿ ಹೇಳಿದ್ದು ಇಷ್ಟು: “ದಿನಕ್ಕ ನಾಕು ಸಲ ಹಾಕ್ಬೇ.” ಅವಳು ಹೇಳಿದ್ದು ಕಣ್ಣೀರಿನ ಹನಿಯ ಮಾತು. ಅಜ್ಜಿಗೆ ಓದು ಬರುವುದಿಲ್ಲ. ಎರಡೂ ಬಾಟಲಿ ಇದ್ದವು, ಎರಡನ್ನೂ ನಾಲ್ಕು ಸಲ ಹಾಕಿದರು. ಎರಡೂ ಕಣ್ಣಿಗೆ.

ಬಾಟಲಿ ಖಾಲಿಯಾದಾಗ ಊರಿನಿಂದ ಬಸ್ಸಿಗೆ ಬಂದು ಔಷಧಿ ಅಂಗಡಿಯಲ್ಲಿ ಅದನ್ನೇ ತೋರಿಸುತ್ತಿದ್ದರು, “ಇಂಥದ ಒಂದು ಕೊಡ್ರಿ.” ಅಂಗಡಿಯವರು ಕೊಡುತ್ತಿದ್ದರು. ಯಾರೂ ಚೀಟಿ ಕೇಳಲಿಲ್ಲ. ಕೊನೆಯ ಎರಡು ಬಾಟಲಿ ಮಾತ್ರ ಬೇರೆ. ಆ ಔಷಧಿ ಇಲ್ಲ ಅಂತ ಡೆಕ್ಸಾಮೆಥಸೋನ್ ಮತ್ತು ಆ್ಯಂಟಿಬಯಾಟಿಕ್ ಸೇರಿದ ಹನಿ ಕೊಟ್ಟಿದ್ದರು. ಅದೂ ಸ್ಟೀರಾಯ್ಡೇ.

ಈಗ ನನ್ನ ಪಾಲಿಗೆ ಬರುತ್ತೇನೆ.

ಫೆಬ್ರವರಿಯಲ್ಲಿ ಅಜ್ಜಿ ಅವನನ್ನು ಕರೆದುಕೊಂಡು ನನ್ನ ಹತ್ತಿರ ಬಂದಿದ್ದರು. ಆಪರೇಷನ್ ಮಾಡಿದ ಆಸ್ಪತ್ರೆಯ ತಪಾಸಣೆ ತಪ್ಪಿತ್ತು, ಅಷ್ಟು ದೂರ ಒಬ್ಬರೇ ಹೋಗಲು ಅವರಿಂದ ಆಗಿರಲಿಲ್ಲ. ಅವತ್ತು ಹೊರಗೆ ನಲವತ್ತು ಜನ ಇದ್ದರು. ಹುಡುಗ ಅಳುತ್ತಿದ್ದ. ಟಾರ್ಚ್ ಹಾಕಿ ನೋಡಿದೆ. ಕೆಂಪಿಲ್ಲ, ಕೀವಿಲ್ಲ, ಪಾಪೆ ದುಂಡಗಿದೆ, ಲೆನ್ಸ್ ಜಾಗದಲ್ಲಿದೆ. ಕಣ್ಣಿನ ಪ್ರೆಶರ್ ನೋಡಲಿಲ್ಲ. ನಮ್ಮಲ್ಲಿದ್ದ ಗಾಳಿ ಊದುವ ಮೆಷಿನ್ನಿಗೆ ಮೂರು ವರ್ಷದ ಕೂಸು ಗದ್ದ ಇಟ್ಟು ಕೂರುವುದಿಲ್ಲ. ಚೀಟಿಯ ಹಿಂದೆ ಬರೆದೆ: “ಕನ್ನಡಕ ತಪ್ಪದೆ ಹಾಕಿಸಿ. ಹನಿ ಮುಂದುವರಿಸಿ. 2 ತಿಂಗಳ ನಂತರ ಬನ್ನಿ.”

ನನ್ನ ಮನಸ್ಸಿನಲ್ಲಿದ್ದದ್ದು ಕಣ್ಣೀರಿನ ಹನಿ. ಸ್ಟೀರಾಯ್ಡ್ ಜನವರಿಯಲ್ಲೇ ಮುಗಿದಿರುತ್ತದೆ ಅಂದುಕೊಂಡೆ. ಬಾಟಲಿ ತೋರಿಸಿ ಅಂತ ಕೇಳಲಿಲ್ಲ. ಯಾವ ಹನಿ ಅಂತ ಬರೆಯಲಿಲ್ಲ. ಓದು ಬರದ ಅಜ್ಜಿ ಆ ಚೀಟಿಯನ್ನು ಪಕ್ಕದ ಮನೆಯ ಕಾಲೇಜು ಹುಡುಗನಿಂದ ಓದಿಸಿದ್ದಾರೆ. ಅವನು ಇದ್ದದ್ದನ್ನು ಇದ್ದ ಹಾಗೇ ಓದಿದ್ದಾನೆ. “ಹನಿ ಮುಂದುವರಿಸಿ.”

ಏಪ್ರಿಲ್

ಯುಗಾದಿ ಮುಗಿದು ಬಿಸಿಲು ಏರಿತ್ತು. ಎರಡು ತಿಂಗಳು ಅಂದಿದ್ದೆನಲ್ಲ, ಅಜ್ಜಿ ಹೇಳಿದ ಲೆಕ್ಕಕ್ಕೇ ಬಂದರು. ಹುಡುಗ ಅವರ ಹೆಗಲಿಗೆ ಮುಖ ಒತ್ತಿಕೊಂಡಿದ್ದ. ಇಳಿಸಿದರೂ ತಲೆ ಎತ್ತಲಿಲ್ಲ.

“ಬಿಸಲಾಗ ಹೊರಗ ಬರವಲ್ಲ. ಬಂದ್ರ ಮಾರಿ ನನ್ನ ಮಡ್ಲಾಗ ಹುದುಗಿಸ್ತಾನ. ನೀರು ಸೋರತಾವ. ಬ್ಯಾಸಗಿ ಅಲ್ಲೇನು, ಝಳಕ್ಕ ಹಂಗ ಆಗ್ತೈತಿ ಅಂದ್ರು.”

ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಯಾವ ಕೂಸು ಕಣ್ಣು ಕಿರಿದು ಮಾಡುವುದಿಲ್ಲ ಹೇಳಿ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಈ ಲಕ್ಷಣ ಬಿಸಿಲಿನಲ್ಲಿ ಕಳೆದುಹೋಗುತ್ತದೆ. ಆದರೆ ಅವನು ನನ್ನ ಕೋಣೆಯೊಳಗೂ, ಟ್ಯೂಬ್‌ಲೈಟಿಗೂ ಕಣ್ಣು ತೆರೆಯಲಿಲ್ಲ. ಅಲ್ಲಿ ನನಗೆ ಎದೆ ಧಸಕ್ಕೆಂದಿತು.

ಆಮೇಲೆ ಅಜ್ಜಿ ಇನ್ನೊಂದು ಮಾತು ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ. “ಕಣ್ಣು ದೊಡ್ಡವಾಗ್ಯಾವು, ಈಗ ಚಂದ ಕಾಣ್ತಾನ ಅಂತಾರ ಓಣ್ಯಾಗ.”

ಸಣ್ಣ ಮಕ್ಕಳ ಕಣ್ಣಿನ ಹೊರಗೋಡೆ ಇನ್ನೂ ಮೆತ್ತಗಿರುತ್ತದೆ. ಒಳಗೆ ಒತ್ತಡ ಏರಿದರೆ ಕಣ್ಣೇ ಹಿಗ್ಗುತ್ತದೆ. ಕರಿಗುಡ್ಡೆ ದೊಡ್ಡದಾಗಿ ಕಾಣುತ್ತದೆ. ನೋಡುವವರಿಗೆ ಚಂದ. ಎಡಗಣ್ಣು ಬಲಗಣ್ಣಿಗಿಂತ ಕಣ್ಣಳತೆಗೇ ದೊಡ್ಡದಿತ್ತು, ಅದರ ಹೊಳಪು ಮಂಕಾಗಿತ್ತು, ಉಸಿರು ತಾಗಿದ ಗಾಜಿನ ಹಾಗೆ.

ರೆಪ್ಪೆ ಮುಚ್ಚಿಸಿ ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಇದು ನಿಖರ ಪರೀಕ್ಷೆಯಲ್ಲ, ಬೇರೇನೂ ಇಲ್ಲದಾಗ ಮಾಡುವುದು. ಎಡಗಣ್ಣು ಗಟ್ಟಿ ಅನಿಸಿತು. ನಂಬರ್ ತೆಗೆದೆ. ಆಪರೇಷನ್ ಆದಾಗ ಎರಡೂ ಕಣ್ಣಿಗೆ ಪ್ಲಸ್ 2.5 ಇತ್ತು. ಮಕ್ಕಳ ಕಣ್ಣು ಮುಂದೆ ಬೆಳೆಯುತ್ತದೆ ಅಂತ ಬೇಕೆಂದೇ ಸ್ವಲ್ಪ ಪ್ಲಸ್ ಬಿಟ್ಟಿರುತ್ತಾರೆ. ವರ್ಷಗಳಲ್ಲಿ ಇಳಿಯಬೇಕಾದ ಪ್ಲಸ್ ಅದು. ಈಗ ಬಲಗಣ್ಣು ಪ್ಲಸ್ 1.5, ಎಡಗಣ್ಣು ಮೈನಸ್ 1. ನಾಲ್ಕೂವರೆ ತಿಂಗಳಲ್ಲಿ ಇಷ್ಟು ಬದಲಾಗಿದೆ ಅಂದರೆ ಕಣ್ಣು ಉದ್ದ ಹಿಗ್ಗಿದೆ ಅಂತ ಅರ್ಥ. ಪ್ರೆಶರ್ ನೋಡುವ ಮೆಷಿನ್ ಇಲ್ಲದ ಕಡೆಯೂ ಕನ್ನಡಕದ ನಂಬರ್ ಈ ಸುಳಿವು ಕೊಡುತ್ತದೆ.

“ಯಾವ ಹನಿ ಹಾಕ್ತೀರಿ ಅಮ್ಮಾ, ತೋರಿಸ್ರಿ” ಅಂದೆ. ಆಗಲೇ ಆ ಸಂಚಿ ಬಿಚ್ಚಿದ್ದು.

ಲೆಕ್ಕ ಹಾಕಿದೆ. 5 ಮಿಲಿಲೀಟರ್ ಬಾಟಲಿಯಲ್ಲಿ ಹೆಚ್ಚು ಕಡಿಮೆ 100 ಹನಿ. ಎರಡು ಕಣ್ಣಿಗೆ ನಾಲ್ಕು ಸಲ ಅಂದರೆ ದಿನಕ್ಕೆ 8. ಒಂಬತ್ತು ಸ್ಟೀರಾಯ್ಡ್ ಬಾಟಲಿ ಅಂದರೆ ಮೂರೂವರೆ ತಿಂಗಳು. ಎಳ್ಳ ಅಮಾವಾಸ್ಯೆಯಿಂದ ಅವತ್ತಿನವರೆಗೆ ಸರಿಯಾಗಿ ಕೂಡುತ್ತದೆ. ಅಜ್ಜಿ ನಿಜವಾಗಿಯೂ ಒಂದೊತ್ತೂ ತಪ್ಪಿಸಿರಲಿಲ್ಲ. ಇವರಷ್ಟು ಶಿಸ್ತಿಲ್ಲದ ಮನೆಯಾಗಿದ್ದರೆ ಈ ಕಣ್ಣಿಗೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನ್ನ ಮುಖ ನೋಡಿ ಅವರು ಚೀಟಿ ತಿರುವಿ ಹಿಂಬದಿ ತೋರಿಸಿದರು. “ನೀನ ಬರದಿದ್ದಿ ನೋಡವ್ವಾ.” ದೂರಿನ ದನಿ ಅಲ್ಲ. ತಾನು ಮಾತು ಮೀರಿಲ್ಲ ಅನ್ನುವ ದನಿ.

ಅವತ್ತೇ ಜಿಲ್ಲಾ ಕೇಂದ್ರಕ್ಕೆ ಫೋನ್ ಮಾಡಿ ಕಳಿಸಿದೆ. ಅಲ್ಲಿ ಕೈಯಲ್ಲಿ ಹಿಡಿದು ನೋಡುವ ಸಣ್ಣ ಮೆಷಿನ್ ಇದೆ. ಅದರ ತುದಿ ಕಣ್ಣಿಗೆ ಕ್ಷಣ ಮಾತ್ರ ತಾಗುತ್ತದೆ, ಮರಗಟ್ಟಿಸುವ ಹನಿಯೂ ಬೇಡ. ಪ್ರೆಶರ್ ಬಲಗಣ್ಣಿಗೆ 28, ಎಡಗಣ್ಣಿಗೆ 34 ಮಿಲಿಮೀಟರ್ ಪಾದರಸ. ಸಾಮಾನ್ಯವಾಗಿ 10ರಿಂದ 21ರೊಳಗೆ ಇರಬೇಕು. ಪೊರೆ ಆಪರೇಷನ್ ಆದ ಮಕ್ಕಳ ಕರಿಗುಡ್ಡೆ ಸ್ವಲ್ಪ ದಪ್ಪಗಾಗುವುದರಿಂದ ಮೆಷಿನ್ ಒಂದಷ್ಟು ಜಾಸ್ತಿ ತೋರಿಸಬಹುದು. ಅದನ್ನು ಕಳೆದರೂ ಇದು ಜಾಸ್ತಿಯೇ. ನಿದ್ದೆ ಬರಿಸಿ ಪರೀಕ್ಷೆ ಮಾಡಿದಾಗ ಕರಿಗುಡ್ಡೆಯ ಅಗಲ ಬಲಕ್ಕೆ 12, ಎಡಕ್ಕೆ 13 ಮಿಲಿಮೀಟರ್. ಹಿಂಬದಿಯ ನರದ ತಲೆಯಲ್ಲಿ ಇರುವ ಗುಳಿ, ಆ ತಲೆಯ ಅಗಲಕ್ಕೆ ಹೋಲಿಸಿದರೆ, ಬಲಗಣ್ಣಲ್ಲಿ 0.4, ಎಡಗಣ್ಣಲ್ಲಿ 0.6 ಪಾಲು. ಎಡಗಣ್ಣಿನ ನರ ಸವೆಯಲು ಶುರುವಾಗಿತ್ತು. ಅದೇ ಗ್ಲಾಕೋಮಾ.

ಸ್ಟೀರಾಯ್ಡ್ ಏನು ಮಾಡುತ್ತದೆ

ಕಣ್ಣಿನೊಳಗೆ ನೀರು ಉತ್ಪತ್ತಿಯಾಗುತ್ತಲೇ ಇರುತ್ತದೆ, ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜರಡಿಯಂಥ ಭಾಗದಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಕಾಲುವೆಯ ತೂಬಿನ ಜಾಲರಿಗೆ ಹೂಳು ಕಸ ಕಟ್ಟಿದರೆ ಏನಾಗುತ್ತದೆ ಅಂತ ತುಂಗಭದ್ರಾ ನೀರಿನ ಕಡೆಯವರಿಗೆ ಹೇಳಬೇಕಿಲ್ಲ. ಸ್ಟೀರಾಯ್ಡ್ ತುಂಬಾ ದಿನ ಬಿದ್ದರೆ ಕೆಲವರ ಕಣ್ಣಿನ ಜರಡಿಯಲ್ಲಿ ಅಂಟಿನಂಥ ಪದಾರ್ಥ ಸೇರಿಕೊಳ್ಳುತ್ತದೆ. ನೀರು ಹುಟ್ಟುವುದು ನಿಲ್ಲುವುದಿಲ್ಲ, ಹೋಗುವುದು ಕಮ್ಮಿಯಾಗುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಅರ್ಮಾಲಿ ಮತ್ತು ಬೆಕರ್ ಎಂಬ ವೈದ್ಯರು ದೊಡ್ಡವರಿಗೆ ವಾರಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಿಸಿ ಅಳೆದರು. ಸುಮಾರು ಮೂರರಲ್ಲಿ ಒಬ್ಬರಿಗೆ ಸ್ವಲ್ಪ ಏರಿತು, ನೂರಕ್ಕೆ ಐದರಷ್ಟು ಜನರಿಗೆ ತುಂಬಾ ಏರಿತು. ದೊಡ್ಡವರಲ್ಲಿ ಇದಕ್ಕೆ ಕೆಲವು ವಾರ ಬೇಕು. ಮಕ್ಕಳಲ್ಲಿ ಕೆಲವೊಮ್ಮೆ ದಿನಗಳಲ್ಲೇ ಏರುತ್ತದೆ, ಜಾಸ್ತಿಯೂ ಏರುತ್ತದೆ. ಮನೆತನದಲ್ಲಿ ಗ್ಲಾಕೋಮಾ ಇದ್ದರೆ ಅಪಾಯ ಇನ್ನೂ ಹೆಚ್ಚು. ಎಲ್ಲ ಸ್ಟೀರಾಯ್ಡ್ ಒಂದೇ ಅಲ್ಲ. ಡೆಕ್ಸಾಮೆಥಸೋನ್, ಡೈಫ್ಲುಪ್ರೆಡ್ನೇಟ್, ಪ್ರೆಡ್ನಿಸೋಲೋನ್ ಪ್ರೆಶರನ್ನು ಹೆಚ್ಚು ಏರಿಸುವಂಥವು. ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಕಮ್ಮಿ ಏರಿಸುತ್ತವೆ.

ಇನ್ನೊಂದು ಸಣ್ಣ ವಿಷಯ. ಪ್ರೆಡ್ನಿಸೋಲೋನ್ ಅಸಿಟೇಟ್ ಹಾಲಿನಂತೆ ಬೆಳ್ಳಗಿರುತ್ತದೆ, ಔಷಧಿ ತಳದಲ್ಲಿ ಕೂರುತ್ತದೆ. ಅಲ್ಲಾಡಿಸದೆ ಹಾಕಿದರೆ ಮೊದಲ ದಿನಗಳಲ್ಲಿ ಬರೀ ನೀರು, ಕೊನೆಯ ದಿನಗಳಲ್ಲಿ ಗಟ್ಟಿ ಔಷಧಿ. ಅಜ್ಜಿಗೆ ಅಲ್ಲಾಡಿಸಬೇಕು ಅಂತ ಯಾರೂ ಹೇಳಿರಲಿಲ್ಲ.

ಇದನ್ನು ಓದಿ ಯಾರಾದರೂ ಹೆದರಿ ಮಗುವಿನ ಹನಿ ಇವತ್ತೇ ನಿಲ್ಲಿಸಿದರೆ ನಾನು ಇನ್ನೊಂದು ತಪ್ಪು ಮಾಡಿದ ಹಾಗಾಗುತ್ತದೆ. ಸಣ್ಣ ಮಕ್ಕಳ ಕಣ್ಣು ಆಪರೇಷನ್ ಆದ ಮೇಲೆ ದೊಡ್ಡವರ ಕಣ್ಣಿಗಿಂತ ತುಂಬಾ ಜಾಸ್ತಿ ಕೆರಳುತ್ತದೆ. ಒಳಗೆ ಜೇಡರ ಬಲೆಯಂಥ ಪದರ ಕಟ್ಟುತ್ತದೆ, ಪಾಪೆ ಲೆನ್ಸಿಗೆ ಅಂಟಿಕೊಳ್ಳುತ್ತದೆ. ಅದರಿಂದಲೂ ನೀರಿನ ದಾರಿ ಮುಚ್ಚಿ ಪ್ರೆಶರ್ ಏರುತ್ತದೆ. ಹನಿ ಉರಿಯುತ್ತದೆ ಅಂತ ಎಂಟೇ ದಿನಕ್ಕೆ ಬಿಟ್ಟ ಇನ್ನೊಂದು ಮಗುವಿಗೆ ಮತ್ತೆ ಆಪರೇಷನ್ ಆದದ್ದನ್ನೂ ನೋಡಿದ್ದೇನೆ. ಆ ಆರು ವಾರ ಸ್ಟೀರಾಯ್ಡ್ ಬೇಕೇ ಬೇಕು. ಬೇಡವಾದದ್ದು ಕೊನೆಯ ದಿನ ಗೊತ್ತಿಲ್ಲದ ಸ್ಟೀರಾಯ್ಡ್, ಪ್ರೆಶರ್ ಅಳೆಯದೆ ಹಾಕುವ ಸ್ಟೀರಾಯ್ಡ್.

ಇಳಿಸಿದ್ದು ಹೇಗೆ

ಜಿಲ್ಲಾ ಕೇಂದ್ರದ ವೈದ್ಯರೂ ಒಮ್ಮೆಲೇ ನಿಲ್ಲಿಸಲಿಲ್ಲ. ಕಣ್ಣೊಳಗೆ ಉರಿಯೂತ ಇಲ್ಲ ಅಂತ ಖಚಿತ ಮಾಡಿಕೊಂಡು, ಎರಡು ವಾರ ಫ್ಲೋರೋಮೆಥೋಲೋನ್ ಕೊಟ್ಟು, ಇಳಿಸಿ ಬಿಡಿಸಿದರು. ಪಾಪೆ ಅಂಟಿರಲಿಲ್ಲ, ನೀರು ಹೋಗುವ ಮೂಲೆ ತೆರೆದೇ ಇತ್ತು. ಪ್ರೆಶರ್ ಇಳಿಸಲು ಟಿಮೋಲಾಲ್ (ಶೇ 0.25) ಮತ್ತು ಡಾರ್ಜೋಲಮೈಡ್ ಎಂಬ ಎರಡು ಹನಿ ಕೊಟ್ಟರು. ಟಿಮೋಲಾಲ್ ಬರೆಯುವ ಮೊದಲು ಕೇಳಿದ ಮೊದಲ ಪ್ರಶ್ನೆ, “ಕೂಸಿಗೆ ದಮ್ಮು ಬರ್ತೈತೇನು?” ಉಬ್ಬಸ ಇರುವ ಮಗುವಿಗೆ ಆ ಹನಿ ಅಪಾಯ. ಬ್ರಿಮೊನಿಡೀನ್ ಎಂಬ ಹನಿಯನ್ನು ಬೇಡ ಅಂದರು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಉಸಿರನ್ನೇ ನಿಧಾನಗೊಳಿಸಬಹುದು, ಕೊಡಲೇಬಾರದು. ಅದಕ್ಕಿಂತ ಸ್ವಲ್ಪ ದೊಡ್ಡ ಮಕ್ಕಳಿಗೂ ಜೋಪಾನ ಬೇಕು.

ಹನಿ ಹಾಕಿದ ಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಒಂದು ನಿಮಿಷ ಬೆರಳಿನಿಂದ ಒತ್ತಿ ಹಿಡಿಯುವುದನ್ನು ಅಜ್ಜಿಗೆ ಕಲಿಸಿದೆವು. ಹಾಗೆ ಮಾಡಿದರೆ ಔಷಧಿ ಮೂಗಿಗಿಳಿದು ರಕ್ತಕ್ಕೆ ಸೇರುವುದು ಕಮ್ಮಿ. ಒಂದು ಹನಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು. ಅಜ್ಜಿ ಕೇಳಿದರು, “ಐದು ನಿಮಿಷ ಅಂದ್ರ ಎಷ್ಟೊತ್ತವ್ವಾ?” ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ಮಡಚಿ ಬಾಯಿಗಿಟ್ಟು, ಅಗಿದು ಮುಗಿಸುವಷ್ಟು ಅಂತ ನಾವೇ ಲೆಕ್ಕ ಮಾಡಿಕೊಂಡೆವು.

ಮೂರು ವಾರಕ್ಕೆ ಬಲ 18, ಎಡ 26. ಆರು ವಾರಕ್ಕೆ ಬಲ 15, ಎಡ 22. ಮೂರು ತಿಂಗಳಿಗೆ ಬಲಗಣ್ಣಿನ ಹನಿ ನಿಲ್ಲಿಸಿದರೂ 14ರಲ್ಲೇ ನಿಂತಿತು. ಎಡಗಣ್ಣು ಎರಡು ಹನಿ ಹಾಕುತ್ತಿದ್ದರೆ 17. ಒಂದು ಬಿಟ್ಟು ನೋಡಿದರೆ ಮತ್ತೆ 24ಕ್ಕೆ ಏರಿತು.

ಇಲ್ಲೇ ಕಷ್ಟದ ಪ್ರಶ್ನೆ ಇರುವುದು. ಎಡಗಣ್ಣಿಗೆ ಆದದ್ದು ಸ್ಟೀರಾಯ್ಡಿನಿಂದಲೇ? ಸ್ಟೀರಾಯ್ಡಿನಿಂದ ಏರಿದ ಪ್ರೆಶರ್ ಸಾಮಾನ್ಯವಾಗಿ ನಿಲ್ಲಿಸಿದ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಲಗಣ್ಣು ಹಾಗೇ ಇಳಿಯಿತು. ತುಂಬಾ ದಿನ ಬಿದ್ದಿದ್ದರೆ ಕೆಲವು ಕಣ್ಣಿನ ಜರಡಿ ಪೂರ್ತಿ ಸುಧಾರಿಸುವುದಿಲ್ಲ. ಆದರೆ ಸಣ್ಣ ವಯಸ್ಸಿನ ಪೊರೆ ಆಪರೇಷನ್ನಿಗೆ ತನ್ನದೇ ಗ್ಲಾಕೋಮಾ ಇದೆ, ಸ್ಟೀರಾಯ್ಡ್ ಮುಟ್ಟದಿದ್ದರೂ ಬರುವಂಥದ್ದು. ಅಮೆರಿಕದಲ್ಲಿ ಒಂದೇ ಕಣ್ಣಿಗೆ ಪೊರೆ ಇದ್ದ, 1ರಿಂದ 6 ತಿಂಗಳಿನ 114 ಕೂಸುಗಳಿಗೆ ಆಪರೇಷನ್ ಮಾಡಿ ಹತ್ತು ವರ್ಷ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. ಒಂದು ವರ್ಷಕ್ಕೆ ನೂರಕ್ಕೆ 9, ಐದು ವರ್ಷಕ್ಕೆ 17, ಹತ್ತು ವರ್ಷಕ್ಕೆ 22ರಷ್ಟು ಮಕ್ಕಳಿಗೆ ಗ್ಲಾಕೋಮಾ ಬಂತು. ನಮ್ಮ ಹುಡುಗ ಅಷ್ಟು ಚಿಕ್ಕವನಾಗಿರಲಿಲ್ಲ, ಹಾಗಾಗಿ ಅವನ ಅಪಾಯ ಅದಕ್ಕಿಂತ ಕಮ್ಮಿ ಇರಬೇಕು. ಆದರೂ ಅಂಕಿ ಏರುತ್ತಾ ಹೋಗುವ ರೀತಿ ನೋಡಿ. ಕಣ್ಣು ಬೆಳ್ಳಗೆ, ತಣ್ಣಗೆ ಇದೆ ಅಂತ ಮೂರನೇ ವರ್ಷಕ್ಕೆ ತಪಾಸಣೆ ಬಿಡುವ ಹಾಗಿಲ್ಲ.

ಎಡಗಣ್ಣಿನಲ್ಲಿ ಎರಡೂ ಸೇರಿರಬಹುದು ಅಂತ ವೈದ್ಯರು ಹೇಳುತ್ತಾರೆ. ಹನಿಗೆ ಬಗ್ಗದಿದ್ದರೆ ನೀರಿಗೆ ಹೊಸ ದಾರಿ ಮಾಡುವ ಆಪರೇಷನ್ ಬೇಕಾಗುತ್ತದೆ. ಸದ್ಯಕ್ಕೆ ಬೇಕಿಲ್ಲ. ನರದಲ್ಲಿ ಸವೆದದ್ದು ಮಾತ್ರ ವಾಪಸ್ ಬರುವುದಿಲ್ಲ. ಎಡಗಣ್ಣಿನ ದೃಷ್ಟಿ ಹಿಂದೆ ಬೀಳದಂತೆ ದಿನಾ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಹಾಕುತ್ತಾರೆ. ಹುಡುಗ ಆ ಎರಡು ಗಂಟೆ ಜಗಳ ಮಾಡುತ್ತಾನೆ.

ನನ್ನ ಟೇಬಲ್ಲಿನಲ್ಲಿ ಬದಲಾದದ್ದು ಸ್ವಲ್ಪ. ಪೊರೆ ಆಪರೇಷನ್ ಆದ ಮಗು ಬಂದರೆ ಮೊದಲ ಮಾತು, ಬಾಟಲಿ ತೋರಿಸಿ. ಚೀಟಿಯಲ್ಲಿ ಬರೀ ‘ಹನಿ’ ಅಂತ ಬರೆಯುವುದಿಲ್ಲ. ಸ್ಟೀರಾಯ್ಡ್ ಬಾಟಲಿಯ ಮೇಲೆಯೇ ನಿಲ್ಲಿಸುವ ತಾರೀಖನ್ನು ಕನ್ನಡದಲ್ಲಿ ಬರೆದು ಅಂಟಿಸುತ್ತೇನೆ. ಪ್ರೆಶರ್ ನೋಡಲು ಆಗದ ಮಗುವನ್ನು ಆಪರೇಷನ್ ಆದ ಎರಡು ಮೂರು ವಾರದೊಳಗೆ ಅಳೆಯಬಲ್ಲ ಕಡೆಗೆ ಕಳಿಸಿಯೇ ತೀರುತ್ತೇನೆ, ಜನ ಎಷ್ಟೇ ಕಾಯುತ್ತಿರಲಿ. ಪಟ್ಟಣದ ಔಷಧಿ ಅಂಗಡಿಗಳಿಗೂ ಹೋಗಿ ಮಾತಾಡಿದೆ. ಬೇಸಿಗೆಯಲ್ಲಿ ಕಣ್ಣು ತುರಿಕೆ ಅಂತ ಬರುವ ಮಕ್ಕಳಿಗೆ ಇದೇ ಹನಿ ಚೀಟಿ ಇಲ್ಲದೆ ಹೋಗುತ್ತಿದೆ. ಆ ಮಕ್ಕಳ ಪ್ರೆಶರ್ ಯಾರೂ ನೋಡುತ್ತಿಲ್ಲ. ಇಬ್ಬರು ಅಂಗಡಿಯವರು ಕಿವಿಗೊಟ್ಟರು.

ಜೂನಿನಲ್ಲಿ ಬಿತ್ತನೆಗೆ ಅಂತ ತಾಯಿ ತಂದೆ ವಾಪಸ್ ಬಂದರು. ಈ ಸಲ ಗುಳೆಗೆ ತಂದೆ ಒಬ್ಬನೇ ಹೋಗಿದ್ದಾನೆ.

ಹನಿ ಹಾಕುವ ಕೆಲಸವನ್ನು ಅಜ್ಜಿ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕಳೆದ ಸಲ ಬಂದಾಗ ಸಂಚಿ ಬಿಚ್ಚಿ ತೋರಿಸಿದರು. ಮೂರು ಬಾಟಲಿಯ ಕೊರಳಿಗೂ ದಾರ ಕಟ್ಟಿದ್ದರು. ಪ್ರೆಶರಿನ ಒಂದು ಹನಿಗೆ ಕೆಂಪು ದಾರ, ಎರಡು ಗಂಟು, ದಿನಕ್ಕೆ ಎರಡು ಸಲ. ಇನ್ನೊಂದಕ್ಕೆ ಕರಿ ದಾರ, ಮೂರು ಗಂಟು. ಕಣ್ಣೀರಿನ ಹನಿಗೆ ಬಿಳಿ ದಾರ, ಗಂಟಿಲ್ಲ. ನಾನು ಒಂದೊಂದನ್ನೂ ಎತ್ತಿ ಹೆಸರು ಓದಿ, ಗಂಟು ಎಣಿಸಿ ಸರಿ ಇದೆ ಅಂದೆ. ಅವರು ಮತ್ತೊಮ್ಮೆ ಓದಿಸಿದರು.